ಎರಡು, ಎರಡು: ಒಂದು ಸಾಲಿನ ವಿಮರ್ಶೆ

ಯೂನಿಟಿಯಲ್ಲಿ ಆಟ ಕಟ್ಟುವುದನ್ನು ಕಲಿತವರೆಲ್ಲ ಒಂದಲ್ಲ ಒಂದು ದಿನ ಬರೆದಿರುವ ಸಾಲುಗಳಿವು. ಡಿಸ್ಕಿನಲ್ಲಿರುವ ಪಿಎನ್‌ಜಿ ಅಥವಾ ಜೆಪೆಗ್ ಫೈಲನ್ನು ಆಟ ಓಡುತ್ತಿರುವಾಗಲೇ ತೆರೆದು ಟೆಕ್ಸ್‌ಚರ್ ಮಾಡಿಕೊಳ್ಳಬೇಕು. ಅದಕ್ಕೆ ಫೈಲಿನ ಬೈಟ್‌ಗಳನ್ನೆಲ್ಲ ಓದಿಕೊಳ್ಳುತ್ತೇವೆ. ಎರಡು ಪಿಕ್ಸೆಲ್ ಅಗಲ, ಎರಡು ಪಿಕ್ಸೆಲ್ ಎತ್ತರದ ಹೊಸ ಟೆಕ್ಸ್‌ಚರ್ ಒಂದನ್ನು ಹುಟ್ಟಿಸುತ್ತೇವೆ. ಅದರ ಮೇಲೆ ಲೋಡ್‌ಇಮೇಜ್ ಕರೆಯುತ್ತೇವೆ. ಚಿತ್ರ ಪರದೆಗೆ ಬಂದುಬಿಡುತ್ತದೆ. ಪಾಠ ಹೇಳುವವರು ಇದನ್ನು ಎಂಜಿನ್‌ನ ಸೌಜನ್ಯಕ್ಕೆ ಉದಾಹರಣೆಯಾಗಿ ತೋರಿಸುತ್ತಾರೆ. ಬೇರೆ ಎಂಜಿನ್‌ಗಳೊಡನೆ ಹೋಲಿಸುವವರೂ ಇಷ್ಟು ಕಡಿಮೆ ಸಾಲಿನಲ್ಲಿ ಇಷ್ಟು ಕೆಲಸ ಮುಗಿಸುವ ಫಂಕ್ಷನ್ ಇನ್ನೆಲ್ಲಿದೆ ಎಂದು ಕೇಳುತ್ತಾರೆ.

ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಲೋಡ್‌ಇಮೇಜ್ ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಮಾಡುತ್ತದೆ. ಆದರೆ ಒಂದು ಚಿತ್ರ ಟೆಕ್ಸ್‌ಚರ್ ಆಗುವ ಹೊತ್ತಿನಲ್ಲಿ ಆಟ ಬರೆಯುವವರು ತೆಗೆದುಕೊಳ್ಳಲೇಬೇಕಾದ ನಿರ್ಧಾರಗಳನ್ನೆಲ್ಲ ಅದು ಅವರಿಗೆ ಕಾಣದಂತೆ ತಾನೇ ತೆಗೆದುಕೊಂಡುಬಿಡುತ್ತದೆ. ಆ ನಿರ್ಧಾರಗಳಿಗೆ ತೆರುವ ಬೆಲೆ ಬರೆದವರ ಕಂಪ್ಯೂಟರಿನಲ್ಲಿ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಆಡುವವರ ಕೈಯಲ್ಲಿರುವ ಅಗ್ಗದ ಫೋನಿನಲ್ಲಿ.

ಟೆಕ್ಸ್‌ಚರ್ ಎಂದರೇನು, ಜಿಪಿಯು ಪಿಎನ್‌ಜಿಯನ್ನು ನೇರವಾಗಿ ಏಕೆ ಓದಲಾರದು ಎಂಬುದನ್ನೆಲ್ಲ ಇಲ್ಲಿ ಮೊದಲಿನಿಂದ ಹೇಳುವುದಿಲ್ಲ. 1974ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್‌ಮಲ್ ಮೇಲ್ಮೈಗಳಿಗೆ ಚಿತ್ರ ಹೊದಿಸಿದ್ದು, 1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಒಂದೇ ಚಿತ್ರದ ಕಿರಿದಾಗುತ್ತ ಹೋಗುವ ನಕಲುಗಳಿಗೆ ಮಿಪ್‌ಮ್ಯಾಪ್ ಎಂದು ಹೆಸರಿಟ್ಟದ್ದು ಓದುಗರಿಗೆ ತಿಳಿದೇ ಇದೆ. ನನ್ನ ಕಣ್ಣಿರುವುದು ಆ ಮಾದರಿ ಕೋಡಿನ ಒಂದೇ ಸಾಲಿನ ಮೇಲೆ: ಟೆಕ್ಸ್‌ಚರ್ ಹುಟ್ಟಿಸುವಾಗ ಆವರಣದೊಳಗೆ ಬರೆಯುವ ‘2, 2’.

ಯೂನಿಟಿಯ ಅಧಿಕೃತ ಕೈಪಿಡಿಯಲ್ಲೇ ಈ ಸಾಲು ಇದೆ. ಟೆಕ್ಸ್‌ಚರ್‌ನ ಅಳತೆ ಏನಿದ್ದರೂ ನಡೆಯುತ್ತದೆ, ಬರುವ ಚಿತ್ರದ ಅಳತೆಯನ್ನೇ ಲೋಡ್‌ಇಮೇಜ್ ಅದಕ್ಕೆ ಕೊಡುತ್ತದೆ ಎಂಬ ಅರ್ಥದ ಟಿಪ್ಪಣಿಯೂ ಪಕ್ಕದಲ್ಲಿದೆ. ಟಿಪ್ಪಣಿಯಲ್ಲಿ ಸುಳ್ಳಿಲ್ಲ. 2 ಬರೆದರೂ 16 ಬರೆದರೂ ಕೊನೆಗೆ ಸಿಗುವುದು ಚಿತ್ರದ ಅಳತೆಯೇ. ಆದರೆ ಓದುವವರ ಮನಸ್ಸಿನಲ್ಲಿ ಏನು ಉಳಿಯುತ್ತದೆ ನೋಡಿ. ಇದು ಬರೀ ಪಾತ್ರೆ, ಇದರೊಳಗೆ ಏನು ಬರೆದರೂ ವ್ಯತ್ಯಾಸವಿಲ್ಲ, ಮುಂದಿನ ಸಾಲು ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ಭಾವನೆ ಉಳಿಯುತ್ತದೆ. ತಪ್ಪು ಶುರುವಾಗುವುದೇ ಇಲ್ಲಿ. ಅಗಲ ಎತ್ತರಗಳಾದ ಮೇಲೆ ಅದೇ ಆವರಣದಲ್ಲಿ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವ ಅವಕಾಶವಿದೆ. ಪಿಕ್ಸೆಲ್‌ಗಳು ಯಾವ ಫಾರ್ಮ್ಯಾಟಿನಲ್ಲಿರಬೇಕು? ಮಿಪ್‌ಮ್ಯಾಪ್ ಬೇಕೇ? ಈ ಅಂಕಿಗಳು ಕಣ್ಣಿಗೆ ಕಾಣುವ ಬಣ್ಣವೋ, ಲೆಕ್ಕಕ್ಕೆ ಬೇಕಾದ ಬರಿಯ ಅಂಕಿಗಳೋ? ಮಾದರಿ ಕೋಡು ಈ ಮೂರನ್ನೂ ಬಿಟ್ಟುಬಿಟ್ಟಿದೆ. ಲೆಕ್ಕಕ್ಕೇ ಬಾರದ ಎರಡು ಅಂಕಿಗಳನ್ನು ಬರೆಸಿ, ಲೆಕ್ಕಕ್ಕೆ ಬರುವ ಮೂರನ್ನು ಖಾಲಿ ಬಿಟ್ಟಿದೆ. ಖಾಲಿ ಬಿಟ್ಟಾಗ ಎಂಜಿನ್ ತನ್ನ ಉತ್ತರವನ್ನೇ ಹಾಕಿಕೊಳ್ಳುತ್ತದೆ: ಮಿಪ್‌ಮ್ಯಾಪ್ ಇರಲಿ, ಅಂಕಿಗಳು ಎಸ್‌ಆರ್‌ಜಿಬಿ ಬಣ್ಣವೆಂದೇ ಇರಲಿ.

ಮೂರನೆಯ ಪ್ರಶ್ನೆಯನ್ನೇ ಮೊದಲು ಹಿಡಿಯೋಣ. ಕಲ್ಲಿನ ಗೋಡೆಯ ಉಬ್ಬುತಗ್ಗುಗಳನ್ನು ಹೇಳುವ ನಾರ್ಮಲ್ ಮ್ಯಾಪ್ ಒಂದನ್ನು ಹೀಗೆ ಲೋಡ್ ಮಾಡಿದೆವು ಎಂದುಕೊಳ್ಳಿ. ಅದರಲ್ಲಿ ‘ಇಲ್ಲಿ ಸಮತಟ್ಟಾಗಿದೆ’ ಎಂದು ಹೇಳುವ ಪಿಕ್ಸೆಲ್‌ನ ಕೆಂಪು, ಹಸಿರು ಎರಡೂ 128. ಅಂದರೆ 0ರಿಂದ 1ರ ಅಳತೆಯಲ್ಲಿ ಹತ್ತಿರಹತ್ತಿರ ಅರ್ಧ. ಶೇಡರ್ ಅದನ್ನು ಎರಡರಿಂದ ಗುಣಿಸಿ ಒಂದು ಕಳೆದರೆ ಸೊನ್ನೆ ಬರುತ್ತದೆ. ಓರೆ ಇಲ್ಲ ಎಂದರ್ಥ. ಆದರೆ ಲೀನಿಯರ್ ಬಣ್ಣ ಪದ್ಧತಿಯ ಪ್ರಾಜೆಕ್ಟಿನಲ್ಲಿ ಈ ಟೆಕ್ಸ್‌ಚರ್‌ಗೆ ಎಸ್‌ಆರ್‌ಜಿಬಿ ಮುದ್ರೆ ಬಿದ್ದಿದ್ದರೆ, ಓದುವಾಗಲೇ ಜಿಪಿಯು ಆ ಅರ್ಧವನ್ನು ಸುಮಾರು 0.216ಕ್ಕೆ ಇಳಿಸುತ್ತದೆ. ಎರಡರಿಂದ ಗುಣಿಸಿ ಒಂದು ಕಳೆದಾಗ ಸಿಗುವುದು ಮೈನಸ್ 0.57. ಸಮತಟ್ಟಾದ ಗೋಡೆ ಒಂದು ಮೂಲೆಯ ಕಡೆಗೆ ವಾಲಿದಂತೆ ಬೆಳಕು ಹಿಡಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಆಟವೂ ನಿಲ್ಲುವುದಿಲ್ಲ. ಬರೆದವರು ದೀಪದ ಕೋನ ಬದಲಿಸಿ, ಶೇಡರ್ ತಿದ್ದಿ, ಎರಡು ದಿನ ಕಳೆಯುತ್ತಾರೆ. ದೋಷವಿದ್ದದ್ದು ಬರೆಯದೆ ಬಿಟ್ಟ ಒಂದು ಪದದಲ್ಲಿ.

ಇನ್ನು ಫಾರ್ಮ್ಯಾಟ್. ಕೈಪಿಡಿಯ ಪ್ರಕಾರ ಜೆಪೆಗ್ ಬಂದರೆ ಪಿಕ್ಸೆಲ್‌ಗೆ 24 ಬಿಟ್, ಪಿಎನ್‌ಜಿ ಬಂದರೆ 32 ಬಿಟ್. ಅಂದರೆ ಕಂಪ್ರೆಸ್ ಆಗದ, ಉಬ್ಬಿದ ರೂಪ. ಇದಕ್ಕೊಂದು ಗುಟ್ಟಿನ ಬಾಗಿಲೂ ಇದೆ. ಹುಟ್ಟಿಸುವಾಗಲೇ ಟೆಕ್ಸ್‌ಚರ್‌ಗೆ ಡಿಎಕ್ಸ್‌ಟಿ1 ಅಥವಾ ಡಿಎಕ್ಸ್‌ಟಿ5 ಎಂದು ಹೇಳಿದ್ದರೆ, ಲೋಡ್‌ಇಮೇಜ್ ಬಂದ ಚಿತ್ರವನ್ನು ಕಂಪ್ರೆಸ್ ಮಾಡಿಯೇ ಕೊಡುತ್ತದೆ. ಹಾಗಾದರೆ ಪಾತ್ರೆಯ ಗುಣ ಲೆಕ್ಕಕ್ಕೆ ಬರುತ್ತದೆ ಎಂದಾಯಿತು! ಅಳತೆ ಬೇಡ, ಆದರೆ ಫಾರ್ಮ್ಯಾಟ್ ಬೇಕು. ಇದನ್ನು ಕೈಪಿಡಿ ವಿವರಣೆಯಲ್ಲಿ ಹೇಳುತ್ತದೆ, ಮಾದರಿ ಕೋಡಿನಲ್ಲಿ ಹೇಳುವುದಿಲ್ಲ. ಜನ ನಕಲು ಮಾಡಿಕೊಳ್ಳುವುದು ಮಾದರಿ ಕೋಡನ್ನೇ ಹೊರತು ವಿವರಣೆಯನ್ನಲ್ಲ. ಮಾದರಿ ಬರೆಯುವವರು ಈ ಹೊಣೆಯನ್ನು ಹೊರಲೇಬೇಕು. ಸಾವಿರಾರು ಆಟಗಳೊಳಗೆ ಸೇರಿಕೊಳ್ಳುವ ಸಾಲು ಅದು.

ಲೆಕ್ಕ ಹಾಕಿದರೆ ಇದರ ಭಾರ ತಿಳಿಯುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ 4000×3000 ಅಳತೆಯ ಫೋಟೋ ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಜೆಪೆಗ್ ಆಗಿ ಅದು ಕೆಲವೇ ಎಂಬಿ. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ ಬಿಚ್ಚಿದರೆ 4 ಕೋಟಿ 80 ಲಕ್ಷ ಬೈಟ್, ಅಂದರೆ 48 ಎಂಬಿ. ಮೂರು ಬೈಟ್‌ಗಳಲ್ಲಿ ಇಡುತ್ತೇನೆ ಎಂದರೂ ಬಹುತೇಕ ಜಿಪಿಯುಗಳು ಅದನ್ನು ನಾಲ್ಕಕ್ಕೇ ಹಿಗ್ಗಿಸಿ ಇಟ್ಟುಕೊಳ್ಳುತ್ತವೆ. ಕೇಳದೆಯೇ ಬಂದ ಮಿಪ್‌ಮ್ಯಾಪ್‌ಗೆ ಇನ್ನೊಂದು ಮೂರನೇ ಒಂದು ಪಾಲು ಸೇರಿಸಿ: 64 ಎಂಬಿ. ಲೋಡ್‌ಇಮೇಜ್‌ಗೆ ಇನ್ನೊಂದು ಆರ್ಗ್ಯುಮೆಂಟ್ ಇದೆ. ಚಿತ್ರ ಜಿಪಿಯುಗೆ ಹೋದ ಮೇಲೆ ಸಿಪಿಯು ಬಳಿಯ ನಕಲನ್ನು ಬಿಟ್ಟುಬಿಡು ಎಂದು ಹೇಳುವುದು ಅದರ ಕೆಲಸ. ಅದನ್ನು ಬರೆಯದೆ ಬಿಟ್ಟರೆ ಎಂಜಿನ್ ಹಾಕಿಕೊಳ್ಳುವ ಉತ್ತರ ‘ಬೇಡ, ಇರಲಿ’ ಎಂದು. ಹಾಗಾಗಿ ನಕಲೂ ಉಳಿಯುತ್ತದೆ. ಒಂದು ಫೋಟೋಗೆ ಒಟ್ಟು 100 ಎಂಬಿ ದಾಟಿತು. ಅದೇ ಫೋಟೋವನ್ನು 1080 ಪಿಕ್ಸೆಲ್ ಅಗಲದ ಪರದೆಯ ತುಂಬ ತೋರಿಸಲು ಬೇಕಾದದ್ದು 1080×810, ಅಂದರೆ 8,74,800 ಪಿಕ್ಸೆಲ್. ಬಿಚ್ಚಿಟ್ಟರೂ ಮೂರೂವರೆ ಎಂಬಿ.

ಈ ಲೆಕ್ಕವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮಕ್ಕಳು ತಮ್ಮ ಮನೆಯ ಫೋಟೋ ಆರಿಸಿಕೊಂಡು ಅದನ್ನು ತುಂಡು ತುಂಡು ಮಾಡಿ ಮತ್ತೆ ಜೋಡಿಸುವ ಸಣ್ಣ ಆಟವೊಂದಕ್ಕೆ ಕೆಲವು ವರ್ಷಗಳ ಹಿಂದೆ ಕೋಡ್ ಬರೆದಿದ್ದೆ. ಎಂಜಿನ್ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ತಪ್ಪು ನನ್ನದೇ. ನನ್ನ ಮೇಜಿನ ಮೇಲೆ ಚೆನ್ನಾಗಿ ಓಡಿತು. ಸ್ನೇಹಿತರೊಬ್ಬರ ಮಗಳು ತನ್ನ ಅಜ್ಜಿಯ ಫೋಟೋ ಹಾಕಿ ಆಡಲು ಕೂತಳು. ಮೊದಲನೆಯ ಚಿತ್ರದಲ್ಲಿ ಅಜ್ಜಿ ಅಡ್ಡಡ್ಡ ಮಲಗಿದಂತೆ ಬಂದರು. ಮೂರನೆಯ ಚಿತ್ರಕ್ಕೆ ಆಟ ಮುಚ್ಚಿಕೊಂಡಿತು. ಅಡ್ಡ ಬಂದದ್ದು ಏಕೆಂದರೆ ಫೋನನ್ನು ನೇರ ಹಿಡಿದು ತೆಗೆದ ಫೋಟೋದ ಪಿಕ್ಸೆಲ್‌ಗಳನ್ನು ಕ್ಯಾಮೆರಾ ಅಡ್ಡವಾಗಿಯೇ ಬರೆದು, ‘ತೋರಿಸುವಾಗ ತಿರುಗಿಸು’ ಎಂಬ ಸೂಚನೆಯನ್ನು ಎಕ್ಸಿಫ್ ಎಂಬ ಪಟ್ಟಿಯಲ್ಲಿ ಇಟ್ಟಿರುತ್ತದೆ. ಪಿಕ್ಸೆಲ್‌ಗಳನ್ನು ಮಾತ್ರ ಬಿಚ್ಚುವ ಲೋಡರ್ ಆ ಪಟ್ಟಿಯನ್ನು ಓದುವುದಿಲ್ಲ. ಮುಚ್ಚಿಕೊಂಡದ್ದು ಮೆಮೊರಿ ಸಾಲದೆ. ‘ಅಜ್ಜಿ ಎಲ್ಲಿ ಹೋದ್ರು?’ ಎಂದು ಆ ಹುಡುಗಿ ಕೇಳಿದ್ದು ಈಗಲೂ ನೆನಪಿದೆ. ಒಂದು ಸಾಲಿನ ಸುಲಭಕ್ಕೆ ಮರುಳಾಗುವುದನ್ನು ಅಂದಿಗೆ ಬಿಟ್ಟೆ.

ಜೆಪೆಗ್‌ನ ಒಳಗಿನ ಕಟ್ಟಡ ಗೊತ್ತಿದ್ದವರಿಗೆ ಇಲ್ಲಿ ಇನ್ನಷ್ಟು ಬೇಸರವಾಗುತ್ತದೆ. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ನಿಧಾನ ಏರಿಳಿತ, ಬೇಗ ಏರಿಳಿತಗಳ ಮೊತ್ತವಾಗಿ ಬರೆಯುತ್ತದೆ. ಬೇಗನೆಯ ಏರಿಳಿತಗಳನ್ನು ಬಿಚ್ಚದೆ ಬಿಟ್ಟರೆ ಚಿತ್ರ ತಾನಾಗಿಯೇ ಅರ್ಧ, ಕಾಲು, ಎಂಟನೇ ಒಂದು ಅಳತೆಯಲ್ಲಿ ಸಿಗುತ್ತದೆ. ಲಿಬ್‌ಜೆಪೆಗ್ ಎಂಬ ಹಳೆಯ ಲೈಬ್ರರಿಯಲ್ಲೇ ಈ ಸೌಲಭ್ಯವಿದೆ. ಆ 4000×3000 ಫೋಟೋವನ್ನು ಕಾಲು ಅಳತೆಗೆ ಬಿಚ್ಚಿದರೆ 1000×750, ಮೂರು ಎಂಬಿ. ದೊಡ್ಡದನ್ನು ಪೂರ್ತಿ ಬಿಚ್ಚಿ ಆಮೇಲೆ ಕಿರಿದು ಮಾಡುವ ಅಗತ್ಯವೇ ಇಲ್ಲ. ಪಿಎನ್‌ಜಿಯಲ್ಲಿ ಈ ದಾರಿ ಇಲ್ಲ; ಅಲ್ಲಿ ಪ್ರತಿ ಸಾಲೂ ಮೇಲಿನ ಸಾಲನ್ನು ನೆಚ್ಚಿಕೊಂಡಿರಬಹುದು. ಆದರೆ ಫೈಲಿನ ಮೊದಲ 24 ಬೈಟ್ ಓದಿದರೆ ಸಾಕು, ಅಗಲ ಎತ್ತರ ಗೊತ್ತಾಗುತ್ತದೆ. ಬಿಚ್ಚಬೇಕೋ ಬೇಡವೋ ಎಂದು ಆಗಲೇ ತೀರ್ಮಾನಿಸಬಹುದು. ಹೊರಗಿನವರು ಕಳಿಸಿದ ಚಿತ್ರಗಳಿಗೆ ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ಪಿಎನ್‌ಜಿ ಬಳಸುವ ಡಿಫ್ಲೇಟ್ ವಿಧಾನದಲ್ಲಿ ಒಂದು ಬೈಟು ಸಾವಿರಕ್ಕೂ ಹೆಚ್ಚು ಬೈಟ್‌ಗಳಾಗಿ ಉಬ್ಬಬಲ್ಲದು. ಲೋಡ್‌ಇಮೇಜ್‌ಗೆ ಬೈಟ್‌ಗಳ ರಾಶಿಯನ್ನು ಒಪ್ಪಿಸಿದ ಮೇಲೆ ಹೀಗೆ ಇಣುಕಿ ನೋಡುವ ಕಿಂಡಿಯೇ ಇಲ್ಲ.

ಇದೇ ಕೆಲಸವನ್ನು ಗೋಡೋ ಎಂಜಿನ್ ಹೇಗೆ ಮಾಡುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟರೆ ನನ್ನ ಆಕ್ಷೇಪ ಸ್ಪಷ್ಟವಾಗುತ್ತದೆ. ಅಲ್ಲಿ ಹೆಜ್ಜೆ ಎರಡು. ಫೈಲಿನಿಂದ ಮೊದಲು ‘ಇಮೇಜ್’ ಹುಟ್ಟುತ್ತದೆ. ಅದು ಸಿಪಿಯು ಬಳಿಯ ಪಿಕ್ಸೆಲ್‌ಗಳು ಮಾತ್ರ. ಆಮೇಲೆ ಆ ಇಮೇಜ್‌ನಿಂದ ‘ಇಮೇಜ್‌ಟೆಕ್ಸ್‌ಚರ್’ ಹುಟ್ಟುತ್ತದೆ. ಒಂದು ಸಾಲು ಹೆಚ್ಚಾಯಿತು ಎಂದು ಹೋಲಿಕೆ ಮಾಡುವವರು ಅಂಕ ಕಡಿಮೆ ಮಾಡುತ್ತಾರೆ. ನನಗೆ ಕಾಣುವುದು ಆ ಎರಡು ಹೆಜ್ಜೆಗಳ ನಡುವಿನ ಜಗಲಿ. ಬಂದವರು ಅಲ್ಲಿ ಕೈಕಾಲು ತೊಳೆದು ಒಳಗೆ ಬರುತ್ತಾರೆ. ಅಳತೆ ಕೇಳಬಹುದು, ಕಿರಿದು ಮಾಡಬಹುದು, ತಿರುಗಿಸಬಹುದು, ಮಿಪ್‌ಮ್ಯಾಪ್ ಬೇಕಿದ್ದರೆ ಮಾತ್ರ ಹುಟ್ಟಿಸಬಹುದು. ಇದನ್ನೆಲ್ಲ ಬೇರೊಂದು ಥ್ರೆಡ್‌ನಲ್ಲಿ ಮಾಡಿಕೊಂಡು ಬಂದರೂ ಆಯಿತು. ಲೋಡ್‌ಇಮೇಜ್ ಮುಖ್ಯ ಥ್ರೆಡ್‌ನಲ್ಲೇ ನಡೆಯಬೇಕು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16.6 ಮಿಲಿಸೆಕೆಂಡ್. 1 ಕೋಟಿ 20 ಲಕ್ಷ ಪಿಕ್ಸೆಲ್ ಬಿಚ್ಚುವುದು ಫೋನಿನಲ್ಲಿ ಅಷ್ಟರೊಳಗೆ ಮುಗಿಯುವ ಕೆಲಸವಲ್ಲ. ಆಟ ತಡವರಿಸುತ್ತದೆ.

ಯೂನಿಟಿಗೂ ನ್ಯಾಯ ಸಲ್ಲಬೇಕು. ಯೂನಿಟಿವೆಬ್‌ರಿಕ್ವೆಸ್ಟ್‌ಟೆಕ್ಸ್‌ಚರ್ ಎಂಬ ಇನ್ನೊಂದು ದಾರಿ ಅಲ್ಲೇ ಇದೆ. ಅದು ಚಿತ್ರ ಬಿಚ್ಚುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕಳಿಸುತ್ತದೆ, ಡಿಸ್ಕಿನ ಫೈಲಿಗೂ ನಡೆಯುತ್ತದೆ. ಹೆಸರಿನಲ್ಲಿ ‘ವೆಬ್’ ಇರುವುದರಿಂದ ಡಿಸ್ಕಿನ ಫೈಲ್ ತೆರೆಯುವವರು ಅದರ ಕಡೆ ನೋಡುವುದಿಲ್ಲ, ಅಷ್ಟೇ.

ಕನ್ನಡದ ಆಟಗಳಿಗೆ ಇದರಲ್ಲಿ ಒಂದು ವಿಶೇಷ ಸಂಕಟವಿದೆ. ಯೂನಿಟಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್‌ಪ್ರೊಗೆ ಒತ್ತಕ್ಷರ ಜೋಡಿಸುವುದು ಬರುವುದಿಲ್ಲ. ‘ಸ್ತ್ರೀ’ ಎಂದು ಬರೆದರೆ ಅಕ್ಷರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಾಗಾಗಿ ಅಕ್ಷರ ಕಲಿಸುವ ಆಟ ಕಟ್ಟುವವರು ಪದಗಳನ್ನು ಬೇರೆ ಕಡೆ ಬರೆದು, ಹಿನ್ನೆಲೆ ಪಾರದರ್ಶಕವಾದ ಪಿಎನ್‌ಜಿ ಮಾಡಿ, ಪಾಠಕ್ಕೆ ಬೇಕಾದಂತೆ ಲೋಡ್ ಮಾಡುವ ಉಪಾಯಕ್ಕೆ ಇಳಿಯುತ್ತಾರೆ. ಎಡಿಟರ್ ಮೂಲಕ ಒಳಗೆ ಬಂದ ಪಿಎನ್‌ಜಿ ಚೆನ್ನಾಗಿಯೇ ಕಾಣುತ್ತದೆ. ಅದೇ ಫೈಲ್ ಆಟ ಓಡುವಾಗ ಲೋಡ್‌ಇಮೇಜ್ ಮೂಲಕ ಬಂದರೆ ಅಕ್ಷರದ ಸುತ್ತ ಬೂದಿ ಬಳಿದಂತೆ ತೆಳ್ಳನೆಯ ಅಂಚು ಕಾಣಿಸಬಹುದು. ಪಾರದರ್ಶಕ ಪಿಕ್ಸೆಲ್‌ಗೂ ಒಂದು ಬಣ್ಣ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವಾಗ ಜಿಪಿಯು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುತ್ತದೆ. ಆಗ ಆ ಅಡಗಿದ ಕಪ್ಪೋ ಬಿಳಿಯೋ ಅಕ್ಷರದ ಅಂಚಿಗೆ ಸೋರುತ್ತದೆ. ಎಡಿಟರ್‌ನ ಆಮದು ಪೆಟ್ಟಿಗೆಯಲ್ಲಿ ಇದಕ್ಕೊಂದು ಟಿಕ್ ಇದೆ. ಅಕ್ಷರದ ಬಣ್ಣವನ್ನೇ ಪಾರದರ್ಶಕ ಪಿಕ್ಸೆಲ್‌ಗಳ ಒಳಕ್ಕೂ ಹರಡಿಸುತ್ತದೆ. ಲೋಡ್‌ಇಮೇಜ್ ಆ ಕೆಲಸ ಮಾಡುವುದಿಲ್ಲ. ಗೋಡೋದಲ್ಲಿ ನಾನು ಹೇಳಿದ ಆ ಜಗಲಿಯಲ್ಲೇ ಇದಕ್ಕೊಂದು ಫಂಕ್ಷನ್ ಇದೆ. ಅದೂ ಅಲ್ಲದೆ 2023ರ ಗೋಡೋ 4ರಿಂದ ಒತ್ತಕ್ಷರಗಳು ಸರಿಯಾಗಿಯೇ ಜೋಡಣೆಯಾಗುವುದರಿಂದ ಪದವನ್ನು ಚಿತ್ರ ಮಾಡುವ ಅಗತ್ಯವೇ ತಪ್ಪಿತು. ಈಗಷ್ಟೇ ‘ಕ್ಷ’ ಗುರುತಿಸಲು ಕಲಿಯುತ್ತಿರುವ ಮಗುವಿನ ಮುಂದೆ ಬೂದಿ ಅಂಚಿನ ಅಕ್ಷರ ಇಡುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಎರಡು ಕಡೆಯಿಂದ ಉತ್ತರ ಬರುತ್ತದೆ. ಮೊದಲ ಕಡೆಯವರು, ಕೆಲಸ ನಡೆಯುತ್ತಿರುವಾಗ ಇಷ್ಟು ಯೋಚನೆ ಏಕೆ, ಅಕಾಲದಲ್ಲಿ ವೇಗದ ಚಿಂತೆ ಮಾಡಬಾರದೆಂದು ಕ್ನೂತ್ ಅವರೇ ಹೇಳಿದ್ದಾರಲ್ಲ ಎನ್ನುತ್ತಾರೆ. ಡೊನಾಲ್ಡ್ ಕ್ನೂತ್ 1974ರಲ್ಲಿ ಬರೆದ ಆ ಲೇಖನವನ್ನು ಮುಂದಿನ ವಾಕ್ಯದವರೆಗೂ ಓದಬೇಕು. ನಿಜಕ್ಕೂ ಮುಖ್ಯವಾದ ಶೇಕಡಾ 3ರಷ್ಟು ಕಡೆಗಳಲ್ಲಿ ಅವಕಾಶ ಬಿಡಬಾರದು ಎಂಬುದೂ ಅದೇ ಪುಟದ ಮಾತು. ಆಟದ ಮೆಮೊರಿಯಲ್ಲಿ ದೊಡ್ಡ ಪಾಲು ತಿನ್ನುವುದು ಸಾಮಾನ್ಯವಾಗಿ ಟೆಕ್ಸ್‌ಚರ್‌ಗಳೇ. ಇದು ಆ ಶೇಕಡಾ 3ರೊಳಗೆ ಬರದಿದ್ದರೆ ಇನ್ನೇನು ಬರುತ್ತದೆ?

ಎರಡನೆಯ ಕಡೆಯವರೊಡನೆ ನನ್ನ ಜಗಳ ಇನ್ನೂ ಆಳವಾದದ್ದು. ಏಕೆಂದರೆ ಅವರು ನನ್ನ ಆಕ್ಷೇಪಗಳನ್ನೆಲ್ಲ ಒಪ್ಪಿಕೊಂಡು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಅವರ ಪ್ರಕಾರ ಆಟ ಓಡುವಾಗ ಚಿತ್ರ ಫೈಲ್ ತೆರೆಯುವುದೇ ಅಶಿಸ್ತು. ಎಲ್ಲ ಚಿತ್ರಗಳೂ ಎಡಿಟರ್‌ನ ಆಮದು ಬಾಗಿಲಿನಿಂದಲೇ ಬರಬೇಕು, ಆಯಾ ಜಿಪಿಯುಗೆ ತಕ್ಕಂತೆ ಮೊದಲೇ ಸಿದ್ಧವಾಗಿರಬೇಕು. ಗೋಡೋದ ಎಚ್ಚರಿಕೆಯನ್ನೂ ಅವರು ಸಾಕ್ಷಿಗೆ ಕರೆಯುತ್ತಾರೆ. ಪ್ರಾಜೆಕ್ಟಿನೊಳಗಿನ ಚಿತ್ರವನ್ನು ನೇರ ಫೈಲಾಗಿ ತೆರೆದರೆ ಎಡಿಟರ್‌ನಲ್ಲಿ ನಡೆಯುತ್ತದೆ, ಆಟವನ್ನು ರಫ್ತು ಮಾಡಿದ ಮೇಲೆ ನಡೆಯದೆ ಹೋಗಬಹುದು. ಏಕೆಂದರೆ ರಫ್ತಿನೊಳಗೆ ಹೋಗುವುದು ಮೂಲ ಪಿಎನ್‌ಜಿ ಅಲ್ಲ, ಅದರಿಂದ ಸಿದ್ಧವಾದ ಬೇರೆ ರೂಪ. ಎಚ್ಚರಿಕೆ ಸರಿಯಾಗಿಯೇ ಇದೆ. ಆದರೆ ಅದು ಹೇಳುವುದು ಪ್ರಾಜೆಕ್ಟಿನೊಳಗಿನ ಚಿತ್ರಗಳ ಮಾತು. ಹೊರಗಿನಿಂದ, ಬಳಕೆದಾರರ ಫೋಲ್ಡರಿನಿಂದ ಬರುವ ಚಿತ್ರಕ್ಕೆ ಈ ದಾರಿಯೇ ಸರಿ ಎಂದೂ ಅದೇ ಎಚ್ಚರಿಕೆ ಹೇಳುತ್ತದೆ. ಅರ್ಧ ಓದಿ ಜಗಳಕ್ಕೆ ಬರುವ ಅಭ್ಯಾಸ ಎರಡೂ ಕಡೆ ಇದೆ.

ಮೊದಲೇ ಸಿದ್ಧ ಮಾಡುವ ಶಿಸ್ತು ಆಟ ಕಟ್ಟುವವರ ಚಿತ್ರಗಳಿಗೆ ಸರಿ. ಆಡುವವರ ಚಿತ್ರಗಳಿಗೆ? ಮೈನ್‌ಕ್ರಾಫ್ಟ್‌ನ ಹಳೆಯ ಆವೃತ್ತಿಗಳಲ್ಲಿ ನೆಲ, ಕಲ್ಲು, ಮರಗಳ ಮುಖಗಳೆಲ್ಲ 256×256ರ ಒಂದೇ ಪಿಎನ್‌ಜಿಯಲ್ಲಿ 16×16ರ ಚೌಕಗಳಾಗಿ ಇದ್ದವು. ಆ ಫೈಲನ್ನು ತಿದ್ದಿ ಹುಡುಗ ಹುಡುಗಿಯರು ತಮ್ಮದೇ ಲೋಕ ಮಾಡಿಕೊಂಡರು. ಚಿತ್ರ ಬರೆಯುವುದನ್ನು ಅಲ್ಲೇ ಕಲಿತವರಿದ್ದಾರೆ. ಆ ಆಟ ಆಮದು ಬಾಗಿಲಿಗೆ ಬೀಗ ಹಾಕಿ ಕೂತಿದ್ದರೆ ಅದು ಸಾಧ್ಯವಿತ್ತೇ? ಬಿಚ್ಚಿದರೂ 256 ಕೆಬಿ ದಾಟದ ಆ ಚಿತ್ರಕ್ಕೆ ನಾನು ಮೇಲೆ ಹೇಳಿದ ಯಾವ ಲೆಕ್ಕವೂ ಬೇಕಿಲ್ಲ. ಅಷ್ಟು ಚಿಕ್ಕದಕ್ಕೆ ಒಂದು ಸಾಲಿನ ಲೋಡರ್ ಧಾರಾಳ ಸಾಕು ಎಂದು ಒಪ್ಪುತ್ತೇನೆ.

ಇದಕ್ಕೆ ವಿರುದ್ಧ ತುದಿಯಲ್ಲಿ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಇದೆ. ಮೆಕ್ಸಿಕೋದಲ್ಲಿ ಯೂನಿಟಿಯ ಮೇಲೆ ಕಟ್ಟಿದ ಆಟ. ಆಡುವವರು ಮಾಡಿದ ರಾಕೆಟ್ ಭಾಗಗಳು, ಗ್ರಹಗಳ ಚಿತ್ರಗಳು ಒಂದು ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಆಟ ಶುರುವಾಗುವಾಗ ಅವನ್ನೆಲ್ಲ ಲೋಡ್ ಮಾಡುತ್ತದೆ. 2016ರ 1.1 ಆವೃತ್ತಿ ಬರುವ ತನಕ ವಿಂಡೋಸ್‌ನಲ್ಲಿ ಅದು ಮುಖ್ಯವಾಗಿ 32 ಬಿಟ್ಟಿನ ಆಟ. ಎಷ್ಟೇ ರ‍್ಯಾಮ್ ಹಾಕಿದರೂ 4 ಜಿಬಿಯ ಆಚೆ ಕೈ ಚಾಚುವಂತಿರಲಿಲ್ಲ. ಮೋಡ್ ಎಂದು ಕರೆಯುವ ಇಂಥ ಸೇರ್ಪಡೆಗಳನ್ನು ಹತ್ತಾರು ಹಾಕಿದವರ ಆಟ ಕುಸಿಯುತ್ತಿತ್ತು. ಆಗ ಮೋಡ್ ಮಾಡುವವರೇ ದಾರಿ ಹುಡುಕಿದರು. ಪಿಎನ್‌ಜಿಗಳನ್ನು ಡಿಡಿಎಸ್ ಫೈಲಾಗಿ ಬದಲಿಸಿದರು. ಡಿಡಿಎಸ್‌ನೊಳಗೆ ಜಿಪಿಯುಗೆ ಬೇಕಾದ ಕಂಪ್ರೆಸ್ ಚೌಕಗಳು, ಮಿಪ್‌ಮ್ಯಾಪ್ ಸಹಿತ, ಇದ್ದ ಹಾಗೇ ಇರುತ್ತವೆ. ಬಿಚ್ಚುವ ಕೆಲಸವಿಲ್ಲ, ನಕಲು ಮಾಡಿದರಾಯಿತು. 4096×4096ರ ಒಂದು ಚಿತ್ರ ಬಿಚ್ಚಿಟ್ಟರೆ 64 ಎಂಬಿ, ಡಿಎಕ್ಸ್‌ಟಿ1ರಲ್ಲಿ 8 ಎಂಬಿ. ಆಟ ಓಡುವಾಗ ಚಿತ್ರ ತೆರೆಯುವುದೂ ಶಿಸ್ತೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಆ ಮೋಡ್ ಮಾಡುವವರ ಕೆಲಸಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅಶಿಸ್ತು ಎನ್ನುವವರು ಈ ಉದಾಹರಣೆಯನ್ನು ಎದುರಿಸಬೇಕು.

ಆದರೆ ಮಗು ತನ್ನ ಅಜ್ಜಿಯ ಫೋಟೋವನ್ನು ಡಿಡಿಎಸ್ ಮಾಡಿಕೊಂಡು ಬರುವುದಿಲ್ಲ. ಬರುವುದು ಜೆಪೆಗ್, ಜಿಪಿಯುಗೆ ಬೇಕಾದದ್ದು ಚೌಕಗಳು. ನಡುವಿನ ಸೇತುವೆಯನ್ನು ಆಟ ಓಡುವಾಗಲೇ ಕಟ್ಟಬೇಕು. ಇಲ್ಲಿಗೆ ಬಂದಾಗ ನನಗೆ ನೆನಪಾಗುವುದು ಸಿಗಬೇಕಾದಷ್ಟು ಗೌರವ ಸಿಗದ ಒಂದು ಬರಹ: ಐಡಿ ಸಾಫ್ಟ್‌ವೇರ್‌ನ ಜೆ.ಎಂ.ಪಿ. ವಾನ್ ವಾವರೆನ್ 2006ರಲ್ಲಿ ಬರೆದ, ಡಿಎಕ್ಸ್‌ಟಿ ಕಂಪ್ರೆಶನ್ ಅನ್ನು ಆಟ ಓಡುವ ವೇಗದಲ್ಲೇ ಮಾಡುವ ಕುರಿತ ಲೇಖನ. ಕ್ವೇಕ್ 3ರ ಬಾಟ್‌ಗಳನ್ನು ಬರೆದವರೆಂದು ಅವರ ಹೆಸರು ಕೇಳಿದವರಿದ್ದಾರೆ. ಈ ಲೇಖನ ಓದಿದವರು ಕಡಿಮೆ. 2011ರಲ್ಲಿ ಬಂದ ರೇಜ್ ಆಟದಲ್ಲಿ ಟೆಕ್ಸ್‌ಚರ್‌ಗಳು ಡಿಸ್ಕಿನಿಂದ ಒಂದು ರೂಪದಲ್ಲಿ ಬಂದು, ಆಟ ಓಡುವಾಗ ಚೌಕಗಳಾಗಿ ಬದಲಾಗುತ್ತಿದ್ದವು. ಬಿಡುಗಡೆಯಾದ ಹೊಸದರಲ್ಲಿ ಗೋಡೆಗಳು ಮೊದಲು ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತಿದ್ದವು. ಕೆಲವು ವಿಮರ್ಶಕರು ಅದನ್ನೇ ಹಿಡಿದು ಇಡೀ ಪ್ರಯತ್ನವನ್ನು ಸೋಲೆಂದು ಬರೆದರು. ಆ ತೀರ್ಪಿನ ಕೆಳಗೆ ಈ ಲೇಖನವೂ ಹೂತುಹೋಯಿತು.

ಡಿಎಕ್ಸ್‌ಟಿ1 ಎಂದರೆ 4×4ರ ಚೌಕಕ್ಕೆ 8 ಬೈಟ್. ಎರಡು ತುದಿ ಬಣ್ಣಗಳು, ತಲಾ 16 ಬಿಟ್. ಉಳಿದ 32 ಬಿಟ್‌ಗಳಲ್ಲಿ ಪ್ರತಿ ಪಿಕ್ಸೆಲ್‌ಗೂ 2 ಬಿಟ್: ಮೊದಲ ತುದಿಯೋ, ಎರಡನೆಯ ತುದಿಯೋ, ನಡುವಿನ ಎರಡು ಮಿಶ್ರಣಗಳಲ್ಲಿ ಒಂದೋ. ಕಷ್ಟವಿರುವುದು ಆ ಎರಡು ತುದಿಗಳನ್ನು ಆರಿಸುವುದರಲ್ಲಿ. ಅತ್ಯುತ್ತಮ ಜೋಡಿಯನ್ನು ಹುಡುಕುತ್ತ ಹೋದರೆ ಹೊತ್ತು ಹಿಡಿಯುತ್ತದೆ. ವಾನ್ ವಾವರೆನ್ ಹುಡುಕಲಿಲ್ಲ. 16 ಪಿಕ್ಸೆಲ್‌ಗಳಲ್ಲಿ ಕೆಂಪು, ಹಸಿರು, ನೀಲಿ ಒಂದೊಂದರಲ್ಲೂ ಅತಿ ಕಡಿಮೆ ಯಾವುದು, ಅತಿ ಹೆಚ್ಚು ಯಾವುದು ಎಂದು ನೋಡಿದರು. ಕಡಿಮೆಗಳೆಲ್ಲ ಸೇರಿ ಒಂದು ತುದಿ, ಹೆಚ್ಚುಗಳೆಲ್ಲ ಸೇರಿ ಇನ್ನೊಂದು. ಆಮೇಲೆ ಎರಡೂ ತುದಿಗಳನ್ನು ನಡುವಿನ ಅಂತರದ ಹದಿನಾರನೇ ಒಂದು ಪಾಲಿನಷ್ಟು ಒಳಕ್ಕೆ ಎಳೆದರು. ಅಂಚಿನಲ್ಲಿರುವ ಒಂದೆರಡು ಪಿಕ್ಸೆಲ್‌ಗಳಿಗೆ ಸ್ವಲ್ಪ ನಷ್ಟ, ಒಳಗಿರುವ ಹೆಚ್ಚಿನವಕ್ಕೆ ಲಾಭ. ಹದಿನಾರರಿಂದ ಭಾಗಿಸುವುದೆಂದರೆ ಪ್ರೊಸೆಸರ್‌ಗೆ ಬಿಟ್‌ಗಳನ್ನು ನಾಲ್ಕು ಸ್ಥಾನ ಸರಿಸುವುದು, ಅಷ್ಟೇ. ಹಲವು ಪಿಕ್ಸೆಲ್‌ಗಳನ್ನು ಒಟ್ಟಿಗೆ ನೋಡುವ ಎಸ್‌ಎಸ್‌ಇ2 ಸೂಚನೆಗಳಿಗೆ ಇಡೀ ಲೆಕ್ಕ ಹೊಂದಿಕೊಂಡು ಕೂರುತ್ತದೆ. ಗುಣಮಟ್ಟಕ್ಕೂ ವೇಗಕ್ಕೂ ಇಷ್ಟು ಹದವಾದ ಒಪ್ಪಂದವನ್ನು ನಾನು ಹೆಚ್ಚು ಕಡೆ ನೋಡಿಲ್ಲ.

ಅದರ ದೋಷವನ್ನೂ ಹೇಳಬೇಕು. ಹಸಿರು ವೀಳ್ಯದೆಲೆಯ ಮೇಲೆ ಕೆಂಪು ಕುಂಕುಮ ಚೆಲ್ಲಿದೆ ಎಂದುಕೊಳ್ಳಿ. ಅವೆರಡೂ ಕೂಡುವ ಅಂಚಿನ ಚೌಕದಲ್ಲಿ ಕೆಂಪು ಏರಿದಲ್ಲಿ ಹಸಿರು ಇಳಿಯುತ್ತದೆ. ಕಡಿಮೆ ಕೆಂಪು, ಕಡಿಮೆ ಹಸಿರು ಸೇರಿದರೆ ಒಂದು ತುದಿ ಕಪ್ಪಿನ ಕಡೆ; ಹೆಚ್ಚು ಕೆಂಪು, ಹೆಚ್ಚು ಹಸಿರು ಸೇರಿದರೆ ಇನ್ನೊಂದು ತುದಿ ಹಳದಿಯ ಕಡೆ. ಕಪ್ಪಿನಿಂದ ಹಳದಿಗೆ ಎಳೆದ ಗೆರೆಯ ಮೇಲೆ ಎಲೆಯೂ ಇಲ್ಲ, ಕುಂಕುಮವೂ ಇಲ್ಲ. 2007ರಲ್ಲಿ ಇಗ್ನಾಸಿಯೋ ಕಾಸ್ಟಾನ್ಯೋ ಜೊತೆ ಬರೆದ ಮುಂದಿನ ಲೇಖನದಲ್ಲಿ ಅವರು ಬೆಳಕನ್ನು ಬಣ್ಣದಿಂದ ಬೇರ್ಪಡಿಸಿದರು. ಬೆಳಕಿಗೆ ಡಿಎಕ್ಸ್‌ಟಿ5ರ ಆಲ್ಫಾ ಚಾನೆಲ್ ಕೊಟ್ಟು, ಬಣ್ಣದ ಎರಡು ಅಂಕಿಗಳನ್ನು ಉಳಿದ ಜಾಗದಲ್ಲಿಟ್ಟರು. ಚೌಕಕ್ಕೆ 16 ಬೈಟ್ ಆಯಿತು, ಕುಂಕುಮ ಕೆಂಪಾಗಿ ಉಳಿಯಿತು. ತಮ್ಮ ವಿಧಾನ ಎಲ್ಲಿ ಸೋಲುತ್ತದೆ ಎಂದು ಅರಿತು ಮರುವರ್ಷವೇ ತಿದ್ದಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಯೂನಿಟಿಯ ಟೆಕ್ಸ್‌ಚರ್‌ಗೂ ಕಂಪ್ರೆಸ್ ಎಂಬ ಫಂಕ್ಷನ್ ಇದೆ. ಆಟ ಓಡುವಾಗಲೇ ಚೌಕ ಮಾಡಿಕೊಡುತ್ತದೆ. ಅಗಲ ಎತ್ತರಗಳು ನಾಲ್ಕರಿಂದ ಭಾಗವಾಗಬೇಕು ಎಂಬುದು ಅದರ ಷರತ್ತು. ‘2, 2’ ಮಾದರಿಯ ಪಕ್ಕದಲ್ಲಿ ಅದರ ಹೆಸರು ಬರುವುದಿಲ್ಲ. ಇದಕ್ಕೆ ಹೋಲಿಸಿ ಶಾನ್ ಬ್ಯಾರೆಟ್ ಬರೆದ ಎಸ್‌ಟಿಬಿ‌ಇಮೇಜ್ ತೆರೆದು ನೋಡಿ. ಒಂದೇ ಹೆಡರ್ ಫೈಲು, ಯಾರಾದರೂ ಬಳಸಬಹುದು. ತೊಂದರೆ ಕೊಡುವ ಚಿತ್ರಗಳನ್ನು ದೂರ ಇಡಬಲ್ಲ ಆಟ ಕಟ್ಟುವವರಿಗಾಗಿ ಇದು ಎಂದು ಫೈಲಿನ ತಲೆಯಲ್ಲೇ ಬರೆದುಕೊಂಡಿದೆ. ಲೋಡ್ ಮಾಡುವಾಗ ಎಷ್ಟು ಚಾನೆಲ್ ಬೇಕೆಂದು ಕೇಳುತ್ತದೆ, ಸುಮ್ಮನೆ ಬಿಡಲು ಬರುವುದಿಲ್ಲ. ಚಿತ್ರ ಬಿಚ್ಚದೆ ಅಳತೆ ಮಾತ್ರ ತಿಳಿಸುವ ಫಂಕ್ಷನ್ ಕೂಡ ಇದೆ. ಸಾಲುಗಳು ಹೆಚ್ಚಾಗುತ್ತವೆ. ಆದರೆ ಆ ಸಾಲುಗಳನ್ನು ಬರೆಯುತ್ತ ಬರೆಯುತ್ತ ಬರೆಯುವವರಿಗೆ ತಾವು ಏನು ಮಾಡುತ್ತಿದ್ದೇವೆಂದು ತಿಳಿಯುತ್ತದೆ.

ಆ ಜೋಡಿಸುವ ಆಟಕ್ಕೆ ಈಗ ಲೋಡ್ ಮಾಡುವ ಭಾಗ ನಲವತ್ತು ಸಾಲಿನಷ್ಟಿದೆ. ಮೊದಲು ಫೈಲಿನ ತಲೆ ಓದಿ ಅಳತೆ ನೋಡುತ್ತದೆ. ಎಕ್ಸಿಫ್ ಪಟ್ಟಿ ನೋಡುತ್ತದೆ. ಬೇರೆ ಥ್ರೆಡ್‌ನಲ್ಲಿ ಕಾಲು ಅಳತೆಗೆ ಬಿಚ್ಚಿ, ಬೇಕಿದ್ದರೆ ತಿರುಗಿಸಿ, ನಾಲ್ಕರಿಂದ ಭಾಗವಾಗುವಂತೆ ಅಂಚು ಕತ್ತರಿಸುತ್ತದೆ. ಆಮೇಲೆ ಟೆಕ್ಸ್‌ಚರ್ ಹುಟ್ಟಿಸುತ್ತದೆ: ಅಗಲ, ಎತ್ತರ, ಫಾರ್ಮ್ಯಾಟ್ ಒಂದೊಂದಾಗಿ ಬರೆದು, ಮಿಪ್‌ಮ್ಯಾಪ್ ಬೇಡ ಎಂದು ಹೇಳಿ, ಇದು ಬಣ್ಣವೇ ಹೌದು ಎಂದೂ ಹೇಳಿ. ಸಿಪಿಯು ನಕಲನ್ನು ಬಿಟ್ಟುಬಿಡುತ್ತದೆ. ಹಳೆಯ ಚಿತ್ರವನ್ನು ಕೈಯಾರೆ ಅಳಿಸಿದ ಮೇಲೆಯೇ ಹೊಸದನ್ನು ತರುತ್ತದೆ. ಸ್ನೇಹಿತರ ಮಗಳು ಅದೇ ಹಳೆಯ ಫೋನಿನಲ್ಲಿ ಒಂದರ ಹಿಂದೆ ಒಂದರಂತೆ ಹನ್ನೊಂದು ಫೋಟೋ ಹಾಕಿದಳು. ಅಜ್ಜಿ ನೆಟ್ಟಗೆ ಕೂತಿದ್ದರು.